ನನ್ನ ಫೋನಿನಲ್ಲಿ ನನಗೇ ತಡೆ ಏಕೆ?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯವನು. ಗೊಬ್ಬರ, ಬೀಜದ ಚಿಕ್ಕ ಅಂಗಡಿ ಇದೆ. ಎರಡು ತಿಂಗಳ ಹಿಂದೆ ಗಂಗಾವತಿಯಲ್ಲಿ ಬಳಸಿದ ಆಂಡ್ರಾಯ್ಡ್ ಫೋನೊಂದನ್ನು ಆರೂವರೆ ಸಾವಿರಕ್ಕೆ ಕೊಂಡೆ. ಅದರಲ್ಲಿ ಆಂಡ್ರಾಯ್ಡ್ 14 ಇದೆ. ಈಗ ಏನು ಮಾಡಲು ಹೋದರೂ ಫೋನ್ ಅಡ್ಡ ಬರುತ್ತಿದೆ. ಬ್ಯಾಂಕಿನ ಆ್ಯಪ್ ತೆರೆದರೆ ‘ನಿಮ್ಮ ಸಾಧನ ಸುರಕ್ಷಿತವಾಗಿಲ್ಲ’ ಎಂದು ಮುಚ್ಚಿಕೊಳ್ಳುತ್ತದೆ. ಹತ್ತು ವರ್ಷಗಳಿಂದ ಉದ್ರಿ ಲೆಕ್ಕ ಬರೆಯುತ್ತಿದ್ದ ಹಳೆಯ ಆ್ಯಪ್ ಇದರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ. ಮೂರು ದಿನಗಳ ಹಿಂದೆ ಭತ್ತದ ರೈತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಿಎಂ ಕಿಸಾನ್ ಆ್ಯಪನ್ನು ತಂದೆಯವರಿಗಾಗಿ ಈ ಫೋನಿನಲ್ಲಿ ಹಾಕಿದೆ. ಅದು ಆ್ಯಕ್ಸೆಸಿಬಿಲಿಟಿ ಆನ್ ಮಾಡಿ ಎನ್ನುತ್ತದೆ. ಮಾಡಲು ಹೋದರೆ ಆ ಸಾಲೇ ಮಸುಕಾಗಿ ‘ನಿರ್ಬಂಧಿತ ಸೆಟ್ಟಿಂಗ್’ ಎಂದು ಬರುತ್ತದೆ. ಮೊಬೈಲ್ ಅಂಗಡಿಯವರು 800 ರೂಪಾಯಿ ಕೊಟ್ಟರೆ ರೂಟ್ ಮಾಡಿ ಎಲ್ಲ ತಡೆಗಳನ್ನೂ ತೆಗೆಯುತ್ತೇನೆ ಎನ್ನುತ್ತಿದ್ದಾರೆ. ನಮ್ಮ ಚಿಕ್ಕಪ್ಪನ ಮಗ ಒಮ್ಮೆ ರೀಸೆಟ್ ಮಾಡು ಸಾಕು ಎನ್ನುತ್ತಾನೆ. ರೀಸೆಟ್ ಮಾಡಿದರೆ ಹಳೆಯ ಮಾಲೀಕನ ಖಾತೆ ಕೇಳಿ ಫೋನ್ ಲಾಕ್ ಆಗುತ್ತದೆ ಎಂದು ಕೇಳಿ ಹೆದರಿದ್ದೇನೆ. ದುಡ್ಡು ಕೊಟ್ಟು ಕೊಂಡ ಫೋನಿನಲ್ಲಿ ನನಗೇ ಏಕೆ ಇಷ್ಟು ತಡೆ? ರೂಟ್ ಮಾಡಿಸಲೇ?

ಉತ್ತರ: ರೂಟ್ ವಿಷಯ ಆಮೇಲೆ ನೋಡೋಣ. ನಿಮ್ಮ ದೂರುಗಳಲ್ಲಿ ತುರ್ತಿನದು ಒಂದೇ. ಗುಂಪಿನಲ್ಲಿ ಬಂದ ಆ ಆ್ಯಪ್ ಇನ್ನೂ ಫೋನಿನಲ್ಲಿದ್ದರೆ ಈಗಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿಕೊಂಡು ಮುಂದೆ ಓದಿ.

ಸರ್ಕಾರದ ಪಿಎಂ ಕಿಸಾನ್ ಆ್ಯಪ್ ಪ್ಲೇ ಸ್ಟೋರಿನಲ್ಲೇ ಇದೆ. ಅದನ್ನು ಎಪಿಕೆ (ಆ್ಯಪನ್ನು ನೇರವಾಗಿ ಇನ್‌ಸ್ಟಾಲ್ ಮಾಡುವ) ಕಡತವಾಗಿ ಗುಂಪುಗಳಲ್ಲಿ ಹಂಚುವ ಅಗತ್ಯ ಯಾರಿಗೂ ಇಲ್ಲ. ಅದಕ್ಕೆ ಆ್ಯಕ್ಸೆಸಿಬಿಲಿಟಿ ಬೇಕಾಗುವ ಕಾರಣವಂತೂ ಇಲ್ಲವೇ ಇಲ್ಲ. ವರ್ಷಕ್ಕೆ 6,000 ರೂಪಾಯಿ ಎರಡೆರಡು ಸಾವಿರದ ಮೂರು ಕಂತುಗಳಲ್ಲಿ ಬರುವ ಯೋಜನೆ ಇದು ಎಂಬುದು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಪ್ರತಿ ಮನೆಗೂ ಗೊತ್ತು, ವಂಚಕರಿಗೂ ಗೊತ್ತು. ಕಂತಿನ ಮಾತು ಊರಿನಲ್ಲಿ ಶುರುವಾದರೆ ಇಂಥ ಕಡತ ಹಾಕಿಕೊಂಡ ಫೋನುಗಳು ರಾಯಚೂರಿನ ನನ್ನ ದುರಸ್ತಿ ಅಂಗಡಿಗೂ ಬರಲು ಶುರುವಾಗುತ್ತವೆ. ಹೆಸರು ಒಮ್ಮೆ ಪಿಎಂ ಕಿಸಾನ್, ಇನ್ನೊಮ್ಮೆ ಆರ್‌ಟಿಒ ಚಲನ್, ಮತ್ತೊಮ್ಮೆ ಮದುವೆ ಆಮಂತ್ರಣ. ಒಳಗಿನ ಕಸುಬು ಒಂದೇ. ಕಳಿಸಿದವರು ಪರಿಚಯದವರು ಎಂಬ ಧೈರ್ಯವೂ ಬೇಡ. ಅವರ ಫೋನ್ ಮೊದಲು ಸಿಕ್ಕಿಬಿದ್ದಿರುತ್ತದೆ. ಅವರ ಗಮನಕ್ಕೆ ಬಾರದಂತೆ ಅವರ ಹೆಸರಿನಲ್ಲೇ ಕಡತ ಗುಂಪಿಗೆ ಹೋಗಿರುತ್ತದೆ.

ಆ್ಯಕ್ಸೆಸಿಬಿಲಿಟಿ ಎಂಬ ಸೌಲಭ್ಯ ಹುಟ್ಟಿದ್ದು ಕಣ್ಣು ಕಾಣದವರಿಗಾಗಿ, ಬೆರಳು ಸರಿಯಾಗಿ ಆಡದವರಿಗಾಗಿ. ಆ ಅನುಮತಿ ಪಡೆದ ಆ್ಯಪ್ ಪರದೆಯ ಮೇಲೆ ಬಂದ ಅಕ್ಷರಗಳನ್ನು ಓದಬಲ್ಲದು, ನಿಮ್ಮ ಪರವಾಗಿ ಗುಂಡಿ ಒತ್ತಬಲ್ಲದು. ಅದರಿಂದ ಅಂಧರಿಗೆ ಎಷ್ಟು ಉಪಕಾರವೋ ಕಳ್ಳನಿಗೂ ಅಷ್ಟೇ. ಒಟಿಪಿ ಬಂದರೆ ಓದುತ್ತಾನೆ, ‘ಅನುಮತಿಸಿ’ ಎಂಬ ಚೌಕ ಬಂದರೆ ತಾನೇ ಒತ್ತುತ್ತಾನೆ, ನೀವು ಆ್ಯಪ್ ತೆಗೆಯಲು ಹೋದರೆ ಆ ಪುಟವನ್ನೇ ಮುಚ್ಚುತ್ತಾನೆ. ಗಲ್ಲಾಪೆಟ್ಟಿಗೆಯ ಕೀಲಿಯನ್ನು ದಾರಿಹೋಕನ ಕೈಗೆ ಕೊಟ್ಟು, ಗಾದಿಯ ಮೇಲೂ ಅವನನ್ನೇ ಕೂರಿಸಿದ ಹಾಗೆ. ಇದೇ ಕಾರಣಕ್ಕೆ 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ, ವಾಟ್ಸ್‌ಆ್ಯಪ್, ಬ್ರೌಸರ್ ಮೊದಲಾದ ಕಡೆಯಿಂದ ಕಡತವಾಗಿ ಇಳಿಸಿಕೊಂಡ ಆ್ಯಪ್‌ಗಳಿಗೆ ಆ್ಯಕ್ಸೆಸಿಬಿಲಿಟಿ ಮತ್ತು ನೋಟಿಫಿಕೇಶನ್ ಓದುವ ಅನುಮತಿ ನೇರವಾಗಿ ಸಿಗುವುದಿಲ್ಲ. ನೀವು ಕಂಡ ಮಸುಕು ಸಾಲು ಅದೇ. ನಿಮ್ಮ ಫೋನು ಹಟ ಮಾಡಿದ್ದು ನಿಮ್ಮ ಮೇಲಲ್ಲ, ಅವನ ಮೇಲೆ.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಆಂಡ್ರಾಯ್ಡ್ 14ರಲ್ಲಿ ಎಸ್‌ಎಂಎಸ್ ಓದುವ ಅನುಮತಿಗೆ ಈ ತಡೆ ಇಲ್ಲ. 15ರಲ್ಲಿ ಅದೂ ಸೇರಿತು. ಆ್ಯಪ್ ಹಾಕಿದಾಗ ‘ಎಸ್‌ಎಂಎಸ್ ಕಳಿಸಲು ಮತ್ತು ನೋಡಲು ಅನುಮತಿಸಬೇಕೇ?’ ಎಂದು ಕೇಳಿದ್ದಕ್ಕೆ ನೀವು ಹೌದು ಎಂದು ಒತ್ತಿದ್ದರೆ, ಮೂರು ದಿನಗಳಿಂದ ನಿಮ್ಮ ಒಟಿಪಿಗಳು ಬೇರೆ ಕಡೆಗೂ ಹೋಗುತ್ತಿವೆ ಎಂದೇ ತಿಳಿಯಿರಿ. ಬ್ಯಾಂಕಿನ ಆ್ಯಪ್ ಈ ಫೋನಿನಲ್ಲಿ ತೆರೆಯುತ್ತಿಲ್ಲ, ಹಾಗಾಗಿ ಹಣಕ್ಕೆ ಅಪಾಯವಿಲ್ಲ ಎಂಬ ಲೆಕ್ಕ ತಪ್ಪು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದರಲ್ಲೇ ಇದೆಯಲ್ಲ.

ಆದ್ದರಿಂದ ಸಿಮ್ ತೆಗೆದು ಮನೆಯ ಇನ್ನೊಂದು ಫೋನಿಗೆ ಹಾಕಿ. ಅಲ್ಲಿಂದ ಯುಪಿಐ ಪಿನ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸಿ, ಖಾತೆಯ ವಹಿವಾಟನ್ನು ಒಂದೊಂದಾಗಿ ನೋಡಿ. ಈ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪೂರ್ಣ ಪಟ್ಟಿ ತೆರೆದು ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಪಟ್ಟಿಯಲ್ಲಿ ಹೆಸರಿಲ್ಲದ, ಚಿತ್ರವಿಲ್ಲದ ಇನ್ನೊಂದು ಆ್ಯಪ್ ಕಂಡರೆ ಅದೂ ಇದರ ಜೊತೆಗಾರನೇ ಇರಬಹುದು. ಅನ್‌ಇನ್‌ಸ್ಟಾಲ್ ಗುಂಡಿ ಕೆಲಸ ಮಾಡದಿದ್ದರೆ ಭದ್ರತೆ ವಿಭಾಗದಲ್ಲಿರುವ ಡಿವೈಸ್ ಅಡ್ಮಿನ್ (ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದ) ಆ್ಯಪ್‌ಗಳ ಪಟ್ಟಿಗೆ ಹೋಗಿ ಅಲ್ಲಿ ಅದರ ಗುರುತು ತೆಗೆಯಬೇಕು. ಅದಕ್ಕೂ ಬಗ್ಗದಿದ್ದರೆ ಸೇಫ್ ಮೋಡ್ ಇದೆ: ಬಹಳಷ್ಟು ಫೋನುಗಳಲ್ಲಿ ಪವರ್ ಆಫ್ ಎಂಬ ಗುರುತಿನ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಹಿಡಿದರೆ ಬರುತ್ತದೆ. ಆಗ ನೀವು ಹಾಕಿದ ಆ್ಯಪ್‌ಗಳು ಓಡುವುದಿಲ್ಲ, ತೆಗೆಯುವುದು ಸುಲಭ. ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ನಿಮಗೆ ಗೊತ್ತಿಲ್ಲದ ಯಂತ್ರವಿದ್ದರೆ ಹೊರಹಾಕಿ. ಗುಂಪಿನಲ್ಲಿ ಎಚ್ಚರಿಕೆ ಹಾಕುವುದನ್ನು ಮರೆಯಬೇಡಿ. ನಾಚಿಕೆಯ ಮಾತು ಇದರಲ್ಲಿಲ್ಲ.

ಹಣ ಹೋಗಿದ್ದರೆ ಒಂದು ಗಂಟೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ರಾಯಚೂರಿನಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಠಾಣೆ ಇದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗರೂಕತೆಯಿಂದಲೇ ನಷ್ಟವಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಿಳಿಸಿದ ಸಮಯಕ್ಕೆ ಅಷ್ಟು ಬೆಲೆ ಇದೆ.

ತಂದೆಯವರ ಪಿಎಂ ಕಿಸಾನ್ ಇ-ಕೆವೈಸಿ (ಗುರುತಿನ ದೃಢೀಕರಣ) ಬಾಕಿ ಇದ್ದರೆ ಅದಕ್ಕೆ ಈ ಫೋನೇ ಬೇಡ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮಾಡಿಸಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಸರ್ಕಾರಿ ಜಾಲತಾಣದಲ್ಲಿ ಒಟಿಪಿ ಮೂಲಕ ಮನೆಯಲ್ಲೇ ಮುಗಿಸಬಹುದು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ: ನನ್ನ ಫೋನಿನಲ್ಲಿ ನನಗೇ ಏಕೆ ತಡೆ? ನಿಮಗೆ ಕಾಣುವುದು ಒಂದೇ ಗೋಡೆ. ಬಿಡಿಸಿ ನೋಡಿದರೆ ಅದರಲ್ಲಿ ಬೇರೆ ಬೇರೆ ಮಂದಿ ಬೇರೆ ಬೇರೆ ಕಾರಣಕ್ಕೆ ಹಾಕಿದ ಬೀಗಗಳಿವೆ. ಮಸುಕಾದ ಸಾಲು ಗೂಗಲ್ ನಿಮ್ಮ ಪರವಾಗಿ ಹಾಕಿದ್ದು, ಅದರ ಕೀಲಿಯೂ ನಿಮ್ಮ ಕೈಯಲ್ಲೇ ಇದೆ. ಬ್ಯಾಂಕಿನ ತಡೆ ಬ್ಯಾಂಕು ತನ್ನ ಹಣಕ್ಕಾಗಿ ಹಾಕಿಕೊಂಡದ್ದು. ಉದ್ರಿ ಆ್ಯಪ್ ಬಾರದಿರುವುದು ಆ ಆ್ಯಪ್ ಮುಪ್ಪಾದದ್ದರಿಂದ. ಖಾತೆಯ ಬೀಗ ಹಳೆಯ ಮಾಲೀಕನದು. ಅಂಗಡಿಯವರು ಎಲ್ಲಕ್ಕೂ ಒಂದೇ ಮದ್ದು ಹೇಳಿದ್ದಾರೆ. ಅವರು ಸುಳ್ಳು ಹೇಳಿದರು ಎನ್ನಲಾರೆ. ಆದರೆ ನಿಮ್ಮ ತೊಂದರೆಗಳಲ್ಲಿ ಯಾವುದಕ್ಕೂ ರೂಟ್ ಬೇಕಿಲ್ಲ, ಒಂದಕ್ಕಂತೂ ಅದು ವಿಷ.

ಮಸುಕು ಸಾಲಿನ ಕೀಲಿ ನಿಮ್ಮ ಕೈಯಲ್ಲಿದೆ ಎಂದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಂಬಿಕೆಯ ಆ್ಯಪ್ ಒಂದಕ್ಕೆ ಈ ತಡೆ ಬಂದರೆ, ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಮಾಹಿತಿ ಪುಟ ತೆರೆದು, ಮೇಲಿನ ಬಲ ಮೂಲೆಯ ಮೂರು ಚುಕ್ಕಿ ಒತ್ತಿದರೆ ‘ನಿರ್ಬಂಧಿತ ಸೆಟ್ಟಿಂಗ್‌ಗಳನ್ನು ಅನುಮತಿಸಿ’ ಎಂಬ ಸಾಲು ಸಿಗುತ್ತದೆ. ಒಮ್ಮೆ ತಡೆ ಎದುರಾದ ಮೇಲಷ್ಟೇ ಆ ಸಾಲು ಕಾಣಿಸುತ್ತದೆ. ಇದನ್ನು ನ್ಯಾಯವಾಗಿ ಬಳಸಬೇಕಾದವರಿದ್ದಾರೆ. ಉದಾಹರಣೆಗೆ ಕರೆ ರೆಕಾರ್ಡಿಂಗ್. ಫೋನಿನಲ್ಲೇ ಆರ್ಡರ್ ತೆಗೆದುಕೊಳ್ಳುವ ನಿಮ್ಮಂಥ ವ್ಯಾಪಾರಿಗಳು ಅದನ್ನು ಕೇಳಿಕೊಂಡು ಬರುತ್ತಲೇ ಇರುತ್ತಾರೆ. 2022ರ ಮೇ 11ರಿಂದ ಪ್ಲೇ ಸ್ಟೋರಿನ ಆ್ಯಪ್‌ಗಳು ಆ್ಯಕ್ಸೆಸಿಬಿಲಿಟಿ ಬಳಸಿ ಕರೆ ರೆಕಾರ್ಡ್ ಮಾಡುವುದನ್ನು ಗೂಗಲ್ ನಿಲ್ಲಿಸಿತು. ಅಂದಿನಿಂದ ಜನ ಹೊರಗಿನ ಎಪಿಕೆಗಳ ಬೆನ್ನು ಹತ್ತಿದ್ದಾರೆ. ನನ್ನ ಸಲಹೆ ಕೇಳಿದರೆ, ಡಯಲರ್‌ನಲ್ಲೇ ರೆಕಾರ್ಡಿಂಗ್ ಇರುವ ಫೋನ್ ಕೊಳ್ಳಿ, ಹೊರಗಿನ ಆ್ಯಪಿಗೆ ಪರದೆಯನ್ನೆಲ್ಲ ಒಪ್ಪಿಸಬೇಡಿ. ಬ್ಯಾಂಕ್ ವ್ಯವಹಾರದ ಫೋನಿನಲ್ಲಂತೂ ಬೇಡವೇ ಬೇಡ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಗೂಗಲ್ ಭಾರತಕ್ಕಾಗಿ ಕಳ್ಳ ಆ್ಯಪ್‌ಗಳನ್ನು ಹುಡುಕುವ ಪ್ಲೇ ಪ್ರೊಟೆಕ್ಟ್‌ನ ಹೊಸ ಪ್ರಯೋಗವೊಂದನ್ನು ಪ್ರಕಟಿಸಿತು: ಬ್ರೌಸರ್, ಸಂದೇಶದ ಆ್ಯಪ್, ಫೈಲ್ ಮ್ಯಾನೇಜರ್ ಮೂಲಕ ಬಂದ ಕಡತ ಎಸ್‌ಎಂಎಸ್ ಅಥವಾ ಆ್ಯಕ್ಸೆಸಿಬಿಲಿಟಿಯಂಥ ಅನುಮತಿ ಕೇಳುವಂತಿದ್ದರೆ ಇನ್‌ಸ್ಟಾಲ್ ಆಗುವಾಗಲೇ ತಡೆಯುವುದು. ನಿಮ್ಮ ಫೋನಿನಲ್ಲಿ ಅದು ತಡೆಯಲಿಲ್ಲ ಎಂದರೆ ಪ್ಲೇ ಪ್ರೊಟೆಕ್ಟ್ ಆಫ್ ಆಗಿರಬಹುದು. ಮಾರಿದವರು ಮಾಡಿರಬಹುದು, ಇಲ್ಲವೇ ಆ ಸಂದೇಶದಲ್ಲೇ ‘ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎಂದು ಬರೆದಿದ್ದು ನೀವು ಹಾಗೇ ಮಾಡಿರಬಹುದು. ಪ್ಲೇ ಸ್ಟೋರ್ ತೆರೆದು, ನಿಮ್ಮ ಚಿತ್ರದ ಗುರುತು ಒತ್ತಿ, ಅದನ್ನು ಮತ್ತೆ ಆನ್ ಮಾಡಿ.

ಈಗ ಬ್ಯಾಂಕಿನ ಆ್ಯಪ್. ‘ಸಾಧನ ಸುರಕ್ಷಿತವಾಗಿಲ್ಲ’ ಎಂಬುದು ಕೈ ತೊಳೆದುಕೊಳ್ಳುವ ಮಾತು. ಏನು ಸುರಕ್ಷಿತವಾಗಿಲ್ಲ ಎಂದು ಬ್ಯಾಂಕು ಬಿಡಿಸಿ ಹೇಳಿದರೆ ಅರ್ಧ ಜನ ನನ್ನಂಥವರ ಅಂಗಡಿಗೆ ಬರುವುದೇ ಇಲ್ಲ. ಬಳಸಿದ ಫೋನುಗಳಲ್ಲಿ ನನ್ನ ಮೊದಲ ಶಂಕೆ ಡೆವಲಪರ್ ಆಯ್ಕೆಗಳ ಮೇಲೆ. ಬಿಲ್ಡ್ ಸಂಖ್ಯೆಯ ಮೇಲೆ ಏಳು ಸಲ ತಟ್ಟಿದರೆ ತೆರೆಯುವ ಗುಪ್ತ ಪುಟ ಅದು. ಮಾರುವ ಮುನ್ನ ಕಂಪ್ಯೂಟರಿಗೆ ಜೋಡಿಸಿ ಸಾಫ್ಟ್‌ವೇರ್ ಹಾಕಿದವರು ಅದನ್ನೂ ಅದರೊಳಗಿನ ಯುಎಸ್‌ಬಿ ಡೀಬಗಿಂಗನ್ನೂ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡಲು ಬಿಡುವ ಆಯ್ಕೆ) ಹಾಗೇ ಆನ್ ಬಿಟ್ಟಿರುತ್ತಾರೆ. ಹಲವು ಬ್ಯಾಂಕುಗಳ ಆ್ಯಪ್ ಅಷ್ಟಕ್ಕೇ ಮುಖ ತಿರುಗಿಸುತ್ತದೆ. ಆ ಪುಟದ ಮೇಲ್ಭಾಗದ ಸ್ವಿಚ್ ಆಫ್ ಮಾಡಿ, ಫೋನ್ ಒಮ್ಮೆ ಆರಿಸಿ ಹಚ್ಚಿ ನೋಡಿ. ಇದರಲ್ಲೇ ಮುಗಿದರೆ ಖರ್ಚು ಸೊನ್ನೆ.

ಮುಗಿಯದಿದ್ದರೆ ಎನಿಡೆಸ್ಕ್‌ನಂಥ ಪರದೆ ಹಂಚುವ ಆ್ಯಪ್ ಇದೆಯೇ ನೋಡಿ. ಅದರ ಮೂಲಕ ನಡೆಯುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಬ್ಯಾಂಕಿನ ಆ್ಯಪ್‌ಗಳು ಅಂಥದ್ದನ್ನು, ಹೊರಗಿನಿಂದ ಬಂದು ಆ್ಯಕ್ಸೆಸಿಬಿಲಿಟಿ ಪಡೆದ ಯಾವುದನ್ನೂ ಕಂಡರೆ ತೆರೆಯದೆ ಇರಬಹುದು. ಆಮೇಲೆ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆಯಿರಿ. ಪ್ಲೇ ಪ್ರೊಟೆಕ್ಟ್ ಪ್ರಮಾಣೀಕರಣ ಎಂಬ ಸಾಲಿನ ಕೆಳಗೆ ಸಾಧನ ಪ್ರಮಾಣಿತವಾಗಿದೆ ಎಂದಿದ್ದರೆ ಒಳ್ಳೆಯದು. ಪ್ರಮಾಣಿತವಾಗಿಲ್ಲ ಎಂದಿದ್ದರೆ, ಅಥವಾ ಫೋನ್ ಹಚ್ಚುವಾಗ ಬೂಟ್‌ಲೋಡರ್ (ಫೋನ್ ಹಚ್ಚಿದಾಗ ಮೊದಲು ಓಡಿ ಉಳಿದ ಸಾಫ್ಟ್‌ವೇರನ್ನು ಪರಿಶೀಲಿಸುವ ಭಾಗ) ಅನ್‌ಲಾಕ್ ಆಗಿದೆ ಎಂಬ ಎಚ್ಚರಿಕೆಯ ಪರದೆ ಮಿಂಚಿ ಹೋಗುತ್ತಿದ್ದರೆ, ನಿಮಗಿಂತ ಮೊದಲೇ ಯಾರೋ ಇದರ ಒಳಗೆ ಕೈ ಆಡಿಸಿದ್ದಾರೆ. ಆಗ ಉಳಿದಿರುವ ಸರಿಯಾದ ದಾರಿ ಕಂಪನಿಯ ಸಾಫ್ಟ್‌ವೇರನ್ನೇ ಮತ್ತೆ ಹಾಕಿ ಬೂಟ್‌ಲೋಡರ್ ಮುಚ್ಚುವುದು. ಇದನ್ನು ಅಧಿಕೃತ ಸೇವಾ ಕೇಂದ್ರದಲ್ಲಿ ಮಾಡಿಸಿ. ತಿದ್ದಿದ ಸಾಫ್ಟ್‌ವೇರ್ ಒಳಗಿರುವಾಗಲೇ ಬೂಟ್‌ಲೋಡರ್ ಮುಚ್ಚಿದರೆ ಫೋನ್ ಮತ್ತೆ ಏಳುವುದಿಲ್ಲ. ಹೇಗೆ ಮುಚ್ಚಿದರೂ ಒಳಗಿನ ಫೋಟೊ, ಲೆಕ್ಕ ಎಲ್ಲ ಅಳಿಯುತ್ತದೆ.

ಅಲ್ಲಿಯವರೆಗೆ ವ್ಯವಹಾರ ನಿಲ್ಲಬೇಕಿಲ್ಲ. ಸಿಮ್ ಈಗ ಇರುವ ಬೇರೆ ಫೋನಿನಿಂದ *99# ಒತ್ತಿದರೆ ಇಂಟರ್‌ನೆಟ್ ಇಲ್ಲದೆಯೂ ಯುಪಿಐ ನಡೆಯುತ್ತದೆ. ಗುಂಡಿಯ ಫೋನ್ ಆದರೂ ಸಾಕು, ಕನ್ನಡದಲ್ಲೂ ಇದೆ, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಗೊಬ್ಬರದ ಲೋಡಿಗೆ ಇದು ಸಾಲದು, ನಿಜ. ದೊಡ್ಡ ಪಾವತಿಗೆ ನಂಬಿಕೆಯ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಇದೆ.

ಉದ್ರಿ ಆ್ಯಪಿನ ವಿಷಯದಲ್ಲಿ ನಿಮ್ಮ ಸಿಟ್ಟು ನನಗೂ ಇದೆ. ಹತ್ತು ವರ್ಷ ಚೆನ್ನಾಗಿ ನಡೆದ ಸಲಕರಣೆಯನ್ನು ಹೊಸ ಆಂಡ್ರಾಯ್ಡ್ ಬಾಗಿಲಲ್ಲೇ ನಿಲ್ಲಿಸುವುದು ಯಾರಿಗೂ ಹಿಡಿಸುವುದಿಲ್ಲ. ಕಾರಣ ಇಷ್ಟು: ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಆವೃತ್ತಿಗೆಂದು ಬರೆದ ಆ್ಯಪ್‌ಗಳು ಹಾಕಿದ ಕೂಡಲೇ, ಕೇಳದೆಯೇ, ಎಲ್ಲ ಅನುಮತಿಗಳನ್ನೂ ಪಡೆದುಬಿಡುತ್ತಿದ್ದವು. ಅನುಮತಿಯನ್ನು ಒಂದೊಂದಾಗಿ ಕೇಳುವ ಪದ್ಧತಿ ಬಂದದ್ದು 6ರಿಂದ. ಈ ಕಿಂಡಿಯನ್ನು ಬಳಸಿಕೊಳ್ಳಲು ಕೆಲವು ಕಳ್ಳ ಆ್ಯಪ್‌ಗಳು ಬೇಕೆಂದೇ ತಮ್ಮನ್ನು ಹಳೆಯವು ಎಂದು ತೋರಿಸಿಕೊಂಡವು. ಹಾಗಾಗಿ 14ರಲ್ಲಿ ಅಂಥ ಎಲ್ಲವನ್ನೂ ತಡೆದರು, ಕಳ್ಳರ ಜೊತೆ ನಿಮ್ಮ ಉದ್ರಿ ಪುಸ್ತಕವೂ ಹೊರಗುಳಿಯಿತು.

ಇದಕ್ಕೂ ಒಂದು ಸಾಚಾ ದಾರಿಯನ್ನು ಗೂಗಲ್ ಬಿಟ್ಟಿದೆ. ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಎಡಿಬಿ ಎಂಬ ಕಂಪ್ಯೂಟರ್ ತಂತ್ರಾಂಶದಿಂದ ಇನ್‌ಸ್ಟಾಲ್ ಮಾಡುವಾಗ ‘ಬೈಪಾಸ್ ಲೋ ಟಾರ್ಗೆಟ್ ಎಸ್‌ಡಿಕೆ ಬ್ಲಾಕ್’ ಎಂಬ ಆಯ್ಕೆ ಸೇರಿಸಿದರೆ ಹಳೆಯ ಆ್ಯಪ್ ಕುಳಿತುಕೊಳ್ಳುತ್ತದೆ. ರೂಟ್ ಬೇಡ, ಕೆಲಸ ತಿಳಿದವರಿಗೆ ಹತ್ತು ನಿಮಿಷ. ಇದಕ್ಕೆ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಬೇಕು; ಮುಗಿದ ಕೂಡಲೇ ಆಫ್ ಮಾಡಿಸಿ, ಇಲ್ಲದಿದ್ದರೆ ಬ್ಯಾಂಕಿನ ಆ್ಯಪ್ ಮತ್ತೆ ಮುನಿಸಿಕೊಳ್ಳುತ್ತದೆ. 64 ಬಿಟ್ ಆ್ಯಪ್‌ಗಳನ್ನಷ್ಟೇ ಓಡಿಸುವ ಕೆಲವು ಹೊಸ ಫೋನುಗಳಲ್ಲಿ ಈ ದಾರಿಯೂ ನಡೆಯದೆ ಹೋಗಬಹುದು.

ಆದರೆ ನಾನಾಗಿದ್ದರೆ ಇಷ್ಟಕ್ಕೆ ಹೋಗುತ್ತಿರಲಿಲ್ಲ. ಹತ್ತು ವರ್ಷದ ಉದ್ರಿ ಎಂದರೆ ಸುಗ್ಗಿಗೆ ಕೊಡುತ್ತೇನೆ ಎಂದ ರೈತರ ಹೆಸರು, ಚೀಲದ ಲೆಕ್ಕ, ನಿಮ್ಮ ಬಂಡವಾಳವೇ ಅದು. ಅದು ಇನ್ನೂ ಹಳೆಯ ಫೋನಿನಲ್ಲಿದೆ ಎಂದುಕೊಳ್ಳುತ್ತೇನೆ. ಆ ಫೋನನ್ನು ಮಾರಬೇಡಿ. ಸಿಮ್ ತೆಗೆದು, ಇಂಟರ್‌ನೆಟ್ ಇಲ್ಲದೆ, ಅಂಗಡಿಯ ಉದ್ರಿ ಪುಸ್ತಕವಾಗಿ ಇಟ್ಟುಕೊಳ್ಳಿ. ಆ್ಯಪಿನಲ್ಲಿ ಬ್ಯಾಕಪ್ ಅಥವಾ ಎಕ್ಸ್‌ಪೋರ್ಟ್ ಎಂಬ ಆಯ್ಕೆ ಇದ್ದರೆ ಇಂದೇ ಒಂದು ಪ್ರತಿ ತೆಗೆದು ಕಂಪ್ಯೂಟರಿಗೆ ಹಾಕಿಸಿ. ಇಲ್ಲದಿದ್ದರೆ ಬಾಕಿ ಇರುವವರ ಪಟ್ಟಿಯನ್ನಾದರೂ ಸ್ಕ್ರೀನ್‌ಶಾಟ್ ತೆಗೆದಿಡಿ. ಹಳೆಯ ಫೋನಿನ ಬ್ಯಾಟರಿ ಉಬ್ಬಿ ಒಂದು ದಿನ ಕೈಕೊಟ್ಟರೆ, ಯಾವ ಆಂಡ್ರಾಯ್ಡ್ ಆವೃತ್ತಿಯೂ ನಿಮ್ಮ ಉದ್ರಿ ತಂದುಕೊಡುವುದಿಲ್ಲ. ಮುಂದಿನ ಹಂಗಾಮಿನಿಂದ ಹೊಸ ಲೆಕ್ಕವನ್ನು ಈಗಿನ ಆ್ಯಪ್ ಒಂದರಲ್ಲಿ ಶುರು ಮಾಡಿ.

ಹೊರಗಿನಿಂದ ಆ್ಯಪ್ ಹಾಕುವ ದಾರಿ ಮುಂದೆ ಇನ್ನೂ ಕಿರಿದಾಗಲಿದೆ. ತಯಾರಕ ಯಾರೆಂದು ಗುರುತು ಪರಿಶೀಲಿಸಿಕೊಳ್ಳದ ಆ್ಯಪ್‌ಗಳನ್ನು ಪ್ರಮಾಣಿತ ಆಂಡ್ರಾಯ್ಡ್ ಫೋನುಗಳಲ್ಲಿ ತಡೆಯುವ ಯೋಜನೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಘೋಷಿಸಿತು. ಮೊದಲ ಸರದಿಗೆ ಅದು ಹೆಸರಿಸಿದ್ದು ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್. ವಿರೋಧ ಬಂದ ಮೇಲೆ, ಅಪಾಯ ಗೊತ್ತಿದ್ದೂ ಹಾಕುತ್ತೇನೆ ಎನ್ನುವವರಿಗೆ ಒಂದು ಪ್ರತ್ಯೇಕ ದಾರಿ ಇಡುವುದಾಗಿಯೂ ಹೇಳಿದೆ. ಕಳ್ಳರಿಗೆ ಕಷ್ಟವಾಗುತ್ತದೆ ಎಂಬುದು ನಿಜ. ಊರಿನ ಹುಡುಗನೊಬ್ಬ ಎಪಿಎಂಸಿ ದರ ತೋರಿಸಲು ಸ್ವಂತ ಆ್ಯಪ್ ಬರೆದು ಹತ್ತು ಜನಕ್ಕೆ ಹಂಚುವುದೂ ಕಷ್ಟವಾಗುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಾದ ನಡೆಯಲ್ಲ.

ಈಗ 800 ರೂಪಾಯಿಯ ರೂಟ್. ರೂಟ್ ಎಂದರೆ ಫೋನಿನ ಅತ್ಯುನ್ನತ ಅಧಿಕಾರವನ್ನು ಬಳಸುವವನ ಕೈಗೆ ಕೊಡುವುದು. ಅದು ಪಾಪವೇನಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿನ ಬೂಟ್‌ಲೋಡರ್ ತೆರೆದು ಲಿನೇಜ್‌ಒಎಸ್ ಎಂಬ ಆಂಡ್ರಾಯ್ಡ್ ಆಧಾರಿತ ಮುಕ್ತ ಸಾಫ್ಟ್‌ವೇರ್ ಹಾಕಿ ಇನ್ನಷ್ಟು ವರ್ಷ ನಡೆಸಬಹುದು; ಪ್ರಯೋಗ ಮಾಡುವ ವಿದ್ಯಾರ್ಥಿಗಳು ಕೇಳಿದರೆ ನಾನೂ ಹೇಳಿಕೊಡುತ್ತೇನೆ. ಆದರೆ ಬ್ಯಾಂಕಿನ ಆ್ಯಪ್ ತೆರೆಯಲಿ ಎಂದು ರೂಟ್ ಮಾಡಿಸುವುದು ತಲೆಕೆಳಗಾದ ಕೆಲಸ. ಬ್ಯಾಂಕಿನ ಆ್ಯಪ್ ಮೊದಲು ಹುಡುಕುವುದೇ ರೂಟ್ ಆಗಿದೆಯೇ ಎಂದು. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ವ್ಯವಸ್ಥೆಯ ಮೂಲಕ ಅದು ಫೋನಿನ ಸ್ಥಿತಿ ಕೇಳುತ್ತದೆ. ಉತ್ತರ ಬರುವುದು ಚಿಪ್ಪಿನೊಳಗಿನ ಕೀಲಿಯ ಸಹಿಯೊಂದಿಗೆ. ರೂಟ್ ಅಡಗಿಸುತ್ತೇವೆ ಎನ್ನುವವರು ಬೇರೆ ಯಾವುದೋ ಫೋನಿನಿಂದ ಸೋರಿದ ಕೀಲಿಯನ್ನು ನಿಮ್ಮ ಫೋನಿಗೆ ಹಾಕುತ್ತಾರೆ. ಆ ಕೀಲಿಯನ್ನು ಗೂಗಲ್ ಪತ್ತೆ ಮಾಡಿ ರದ್ದು ಮಾಡಿದ ದಿನ ಆ್ಯಪ್ ಮತ್ತೆ ಮುಚ್ಚಿಕೊಳ್ಳುತ್ತದೆ. ಅದು ಬಿತ್ತನೆಯ ಹೊತ್ತಿನಲ್ಲಿ, ಅಂಗಡಿಯ ಮುಂದೆ ಜನ ನಿಂತಾಗಲೇ ಆದರೆ ನೀವು ಯಾರನ್ನು ಕೇಳುತ್ತೀರಿ?

ತಾಂತ್ರಿಕ ಅಡೆತಡೆಗಳೂ ಇವೆ. ಬೂಟ್‌ಲೋಡರ್ ತೆರೆದ ಕೂಡಲೇ ಫೋನಿನ ಎಲ್ಲ ಮಾಹಿತಿಯೂ ಅಳಿಯುತ್ತದೆ. ಅದನ್ನು ತೆರೆಯಲು ಅವಕಾಶವನ್ನೇ ಕೊಡದ ಕಂಪನಿಗಳು ಹಲವು. ಸ್ಯಾಮ್‌ಸಂಗ್‌ನಲ್ಲಿ ತಿದ್ದಿದ ಸಾಫ್ಟ್‌ವೇರ್ ಹಾಕಿದರೆ ನಾಕ್ಸ್ ಎಂಬ ಒಳಗಿನ ಗುರುತು ಶಾಶ್ವತವಾಗಿ ಬದಲಾಗುತ್ತದೆ, ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯಗಳು ಆ ಫೋನಿಗೆ ಮರಳಿ ಬರುವುದಿಲ್ಲ. ಇದೆಲ್ಲವನ್ನೂ ದಾಟಿ ‘ಒಂದೇ ಒತ್ತಿಗೆ ರೂಟ್’ ಎನ್ನುವ ಆ್ಯಪ್ ಯಾರಾದರೂ ಹಾಕಿದರೆ, ಆ ಅತ್ಯುನ್ನತ ಅಧಿಕಾರ ನಿಮಗಿಂತ ಮೊದಲು ಆ ಆ್ಯಪ್ ಮಾಡಿದವನಿಗೆ ಸಿಗುತ್ತದೆ. ಈಗ ಒಳಗಿರುವ ಕಳ್ಳ ಆ್ಯಪಿಗೂ ಅದು ಹಬ್ಬವೇ. ಅಂಗಡಿಯವರಿಗೆ ನಯವಾಗಿ ಬೇಡ ಎನ್ನಿ. ಬೇಕಾದರೆ ಅವರಿಂದಲೇ ಎಡಿಬಿಯ ಕೆಲಸ ಮಾಡಿಸಿಕೊಳ್ಳಿ, ಅದಕ್ಕೆ ಕೂಲಿ ಕೊಡುವುದರಲ್ಲಿ ತಪ್ಪಿಲ್ಲ.

ರೀಸೆಟ್ ವಿಷಯದಲ್ಲಿ ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಸರಿ, ನಿಮ್ಮ ಹೆದರಿಕೆಯೂ ಸರಿ. ಕಳ್ಳ ಆ್ಯಪ್ ಬಂದು ಹೋದ ಫೋನಿಗೆ ಕೊನೆಗೆ ಒಂದು ಫ್ಯಾಕ್ಟರಿ ರೀಸೆಟ್ ಆಗಲೇಬೇಕು. ಎಲ್ಲಿಂದ ಮಾಡುತ್ತೀರಿ ಎಂಬುದು ಮುಖ್ಯ. 2015ರ ಆಂಡ್ರಾಯ್ಡ್ 5.1ರಿಂದ ಎಫ್‌ಆರ್‌ಪಿ ಎಂಬ ಕಾವಲು ಇದೆ. ಫೋನ್ ಕದ್ದವನು ವಾಲ್ಯೂಮ್ ಮತ್ತು ಪವರ್ ಗುಂಡಿ ಒತ್ತಿ ಹೊರಗಿನಿಂದ ರೀಸೆಟ್ ಮಾಡಿದರೆ, ಮತ್ತೆ ಹಚ್ಚುವಾಗ ಮೊದಲಿದ್ದ ಗೂಗಲ್ ಖಾತೆಯನ್ನೇ ಕೇಳುತ್ತದೆ. ಪರದೆಯ ಲಾಕ್ ತೆರೆದು ಸೆಟ್ಟಿಂಗ್ಸ್ ಒಳಗಿನಿಂದ ಸರಿಯಾಗಿ ರೀಸೆಟ್ ಮಾಡಿದರೆ ಕೇಳುವುದಿಲ್ಲ.

ಹಾಗಾಗಿ ಮೊದಲು ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ಪಟ್ಟಿ ತೆರೆಯಿರಿ. ನಿಮ್ಮದೊಂದೇ ಖಾತೆ ಇದ್ದು ಅದರ ಪಾಸ್‌ವರ್ಡ್ ನೆನಪಿದ್ದರೆ ಧೈರ್ಯವಾಗಿ ಒಳಗಿನಿಂದ ರೀಸೆಟ್ ಮಾಡಿ. ಪಾಸ್‌ವರ್ಡ್ ಈಗಷ್ಟೇ ಬದಲಿಸಿದ್ದರೆ 24 ಗಂಟೆ ಕಾಯಿರಿ ಎಂದು ಗೂಗಲ್ ಹೇಳುತ್ತದೆ. ಅಪರಿಚಿತರ ಖಾತೆ ಇನ್ನೂ ಅಲ್ಲಿದ್ದರೆ ರೀಸೆಟ್ ಮುಟ್ಟಬೇಡಿ; ಮಾರಿದವರ ಬಳಿ ಹೋಗಿ, ಹಳೆಯ ಮಾಲೀಕನಿಂದಲೇ ಖಾತೆ ತೆಗೆಸಿ. ಎಫ್‌ಆರ್‌ಪಿ ಮುರಿದುಕೊಡುತ್ತೇವೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಆಂಡ್ರಾಯ್ಡ್ 15ರಿಂದ ಈ ಕಾವಲು ಬಿಗಿಯಾಗಿದೆ. ಆರಂಭದ ಪುಟಗಳನ್ನು ಹಾರಿಸಿ ಒಳಗೆ ನುಗ್ಗುವ ಹಳೆಯ ಉಪಾಯಗಳಿಗೆ ಅದು ಮಣಿಯುವುದಿಲ್ಲ. ನಾನು ಬಿಲ್ ಇಲ್ಲದ, ಮಾಲೀಕನಿಲ್ಲದ ಫೋನಿನ ಎಫ್‌ಆರ್‌ಪಿ ಕೆಲಸ ತೆಗೆದುಕೊಳ್ಳುವುದಿಲ್ಲ. ಕದ್ದ ಫೋನಿಗೂ ಕೊಂಡ ಫೋನಿಗೂ ಮೇಜಿನ ಮೇಲೆ ವ್ಯತ್ಯಾಸ ತಿಳಿಯುವುದು ಹೇಗೆ? ಮೂಲ ಬಿಲ್ ಇದ್ದರೆ ಕಂಪನಿಯ ಸೇವಾ ಕೇಂದ್ರದಲ್ಲಿ ಕೇಳಿ ನೋಡಬಹುದು, ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ.

ಗಂಗಾವತಿಗೆ ಹೋಗುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. *#06# ಒತ್ತಿದರೆ ಬರುವ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯನ್ನು ಬರೆದುಕೊಂಡು, ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲೂ ನೋಡಬಹುದು. ಫೋನ್ ಕಳವಾಗಿದೆ ಎಂದು ಕಪ್ಪು ಪಟ್ಟಿಗೆ ಸೇರಿದೆಯೇ, ಆ ಸಂಖ್ಯೆಯೂ ನಿಮ್ಮ ಕೈಯಲ್ಲಿರುವ ಮಾದರಿಯೂ ತಾಳೆಯಾಗುತ್ತವೆಯೇ ಎಂದು ಗೊತ್ತಾಗುತ್ತದೆ. ತಾಳೆಯಾಗದಿದ್ದರೆ ಯಾರೋ ಸಂಖ್ಯೆ ತಿದ್ದಿರಬಹುದು. 2023ರ ದೂರಸಂಪರ್ಕ ಕಾಯ್ದೆಯಡಿ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಪ್ಪು ಪಟ್ಟಿಯಲ್ಲಿದ್ದರೆ ಅಥವಾ ಸಂಖ್ಯೆ ತಾಳೆಯಾಗದಿದ್ದರೆ ಮತ್ತೆ ಸಿಮ್ ಹಾಕಬೇಡಿ. ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡಿರಿ ಎಂಬ ದಾಖಲೆಯೊಂದಿಗೆ ಠಾಣೆಗೆ ಒಪ್ಪಿಸಿ.

ಡಿವೈಸ್ ಅಡ್ಮಿನ್ ಪಟ್ಟಿ ತೆರೆದಾಗ ಸಾಲದ ಕಂಪನಿಯದೋ ಫೈನಾನ್ಸಿನದೋ ತೆಗೆಯಲಾಗದ ಆ್ಯಪ್ ಕಂಡರೆ, ಹಳೆಯ ಮಾಲೀಕ ಕಂತು ಬಾಕಿ ಉಳಿಸಿಕೊಂಡು ಮಾರಿರುವ ಸಾಧ್ಯತೆ ಇದೆ. ಅಂಥ ಬೀಗಗಳಲ್ಲಿ ಕೆಲವು ರೀಸೆಟ್ ಆದರೂ ಉಳಿಯುತ್ತವೆ. ಅದನ್ನು ಮುರಿಸಲು ಹೋಗಬೇಡಿ, ಸಾಲ ತೀರಿದ ಪತ್ರವನ್ನು ಮಾರಿದವರಿಂದ ಕೇಳಿ. ಅವರು ಬಿಲ್ ಕೊಟ್ಟಿಲ್ಲದಿದ್ದರೆ ಹೋದಾಗಲೇ ಫೋನಿನ ಮಾದರಿ, ಐಎಂಇಐ, ದಿನಾಂಕ, ಕೊಟ್ಟ ಹಣ ಮತ್ತು ಸಹಿ ಇರುವ ರಸೀದಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಫೋನ್ ಅಲ್ಲೇ ಬಿಟ್ಟು ಹಣ ವಾಪಸ್ ಕೇಳಿ.